ಕ್ರೇನ್ ಷಡಕ್ಷರಪ್ಪನ ಬಿ.ಪಿ.

ವಿನೋಬನಗರ, ಶಿವಮೊಗ್ಗ
19 ಜುಲೈ 1998

ತಮ್ಮ ಷಡಕ್ಷರಿಗೆ,

ಹತ್ತು ವರ್ಷ ಬರೆಯದವಳು ಈಗ ಯಾಕೆ ಬರೆದಳು ಎಂದು ಲಕೋಟೆ ಒಡೆಯದೆ ಬಿಸಾಡಬೇಡ. ಮೊನ್ನೆ ಗಾಂಧಿ ಬಜಾರಿನಲ್ಲಿ ನಿನ್ನ ಹೆಂಡತಿ ಸಿಕ್ಕಿದ್ದಳು. "ಏನಮ್ಮ ಮಹಾಂತಮ್ಮ, ಷಡಕ್ಷರಿ ಹೆಂಗಿದಾನೆ?" ಅಂದೆ, ಅಷ್ಟೇ. ಬಟ್ಟೆ ಅಂಗಡಿ ಮುಂದೆ ನಿಂತಲ್ಲೇ ಅತ್ತುಬಿಟ್ಟಳು. ನಿನ್ನ ಬಿ.ಪಿ. 176/110 ಅಂತೆ. ಫೌಂಡ್ರಿಯ ಡಾಕ್ಟರು ನಿನ್ನನ್ನು ಕ್ರೇನಿನಿಂದ ಇಳಿಸಿ ಸ್ಟೋರಿನಲ್ಲಿ ಕೂರಿಸಿದ್ದಾರಂತೆ. ನೀನು ಮನೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿಲ್ಲವಂತೆ.

ನನಗೆ ಹೇಳಬೇಕೆಂದು ಅನಿಸಲಿಲ್ಲವೇನೋ? ದಿನಾ ಭದ್ರಾವತಿಯಿಂದ ಮಾಚೇನಹಳ್ಳಿಗೆ ಕೆಲಸಕ್ಕೆ ಬರುತ್ತೀಯ. ಅಂದರೆ ನಮ್ಮ ಮನೆಯ ಅರ್ಧ ದಾರಿಗೆ ದಿನಾ ಬರುತ್ತೀಯ. ಇನ್ನರ್ಧ ದಾರಿ ಹತ್ತು ವರ್ಷದಿಂದ ಸವೆಯಲಿಲ್ಲ. ವರ್ಷಕ್ಕೊಂದು ಭರಣಿ ಮಾವಿನಮಿಡಿ ಉಪ್ಪಿನಕಾಯಿ ನಾನು ಯಾರ ಕೈಲಾದರೂ ಕಳಿಸುವುದು, ನೀನು ಭರಣಿ ತೊಳೆದು ಯಾರ ಕೈಲಾದರೂ ವಾಪಸ್ ಕಳಿಸುವುದು. ನಮ್ಮಿಬ್ಬರ ನಡುವೆ ಉಳಿದದ್ದು ಅದೊಂದು.

ಇರಲಿ. ನಾನು ಇಸ್ಕೂಲಿನಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ಐದೂವರೆಗೆ ಇಲ್ಲಿನ ಸಮುದಾಯ ಭವನದಲ್ಲಿ ನಲವತ್ತು ಜನರಿಗೆ ಯೋಗ ಹೇಳಿಕೊಡುತ್ತೇನೆ. ಬಿ.ಪಿ. ಇರುವವರಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಶೀರ್ಷಾಸನದ ಹತ್ತಿರ ಹೋಗಬೇಡ. ಉಸಿರು ಕಟ್ಟಬೇಡ. ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ದಿನವೂ ಬಿಡಬೇಡ. ಈ ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ, ನೋಡು.

ನಿನ್ನ ಅಕ್ಕ,
ಬಸವರಾಜೇಶ್ವರಿ


ಹೊಸಮನೆ, ಭದ್ರಾವತಿ
2 ಆಗಸ್ಟ್ 1998

ಅಕ್ಕನಿಗೆ,

ಎರಡು ಗೆರೆ ನೋಡಿದೆ. ಆ ಎರಡು ಗೆರೆಯನ್ನು ಹತ್ತು ವರ್ಷದ ಹಿಂದೆ ಅಪ್ಪನಿಗೆ ಎಳೆದು ಕೊಡಬೇಕಾಗಿತ್ತು. ನಿನ್ನ ಮನೆಯಲ್ಲಿದ್ದರು, ನಿನ್ನ ಹತ್ತಿರವೇ ಯೋಗ ಕಲಿಯುತ್ತಿದ್ದರು. "ನಂಗೇನೂ ಇಲ್ಲ ಕಣೋ, ಅಕ್ಕ ಹೇಳ್ಕೊಟ್ಟಿದ್ದು ಮಾಡ್ತಾ ಇದೀನಿ, ಗರಡಿ ಹುಡುಗನ ಹಂಗಿದೀನಿ" ಎಂದು ಯುಗಾದಿಗೆ ನನಗೆ ಹೇಳಿದರು. ಶ್ರಾವಣಕ್ಕೆ ಲಕ್ವ ಹೊಡೆದು ತೀರಿಕೊಂಡರು. ಪೆಟ್ಟಿಗೆ ತೆಗೆದು ನೋಡಿದರೆ ಮೂರು ತಿಂಗಳ ಮಾತ್ರೆ ಹಾಗೇ ಇದ್ದವು. ಈಗ ನನಗೆ ಯೋಗ ಹೇಳಿಕೊಡಲು ಬಂದಿದ್ದೀಯ.

ನಿನ್ನ ಹಾಳೆಯನ್ನು ಹರಿಯಲು ಹೋಗಿದ್ದೆ. ಮಹಾಂತಮ್ಮ ಕಿತ್ತುಕೊಂಡು ದೇವರ ಗೂಡಿನಲ್ಲಿಟ್ಟಳು. "ಅಕ್ಕನ ಮೇಲಿನ ಸಿಟ್ಟಿಗೆ ನನ್ ತಾಳಿ ಯಾಕ್ರೀ ಪಣಕ್ಕಿಡ್ತೀರಾ?" ಅಂದಳು.

ನನ್ನ ಸಂಕಟ ನಿನಗೆ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷ ಆ ಕ್ರೇನಿನ ಗೂಡಿನಲ್ಲಿ ಕೂತಿದ್ದೇನೆ. ಕೆಳಗೆ ಫರ್ನೆಸ್ಸು, ಕೊಕ್ಕೆಯಲ್ಲಿ ನಾಲ್ಕು ಟನ್ ಕಾದ ಕಬ್ಬಿಣ. ಅದರ ಕೆಳಗೆ ಓಡಾಡುವವರೆಲ್ಲ ನನ್ನ ಕೈ ನಂಬಿಕೊಂಡು ಓಡಾಡುತ್ತಿದ್ದರು. ಒಂದು ತೊಟ್ಟು ಚೆಲ್ಲಿಲ್ಲ. ಊರಲ್ಲಿ ಬರೀ ಷಡಕ್ಷರಪ್ಪ ಎಂದರೆ "ಯಾವ ಷಡಕ್ಷರಪ್ಪ?" ಅಂತಾರೆ. ಕ್ರೇನ್ ಷಡಕ್ಷರಪ್ಪ ಅಂದರೆ ಮಗು ಕೂಡ ಮನೆ ತೋರಿಸುತ್ತದೆ. ಈಗ ಫ್ಯಾನಿನ ಕೆಳಗೆ ಕೂತು ಬೋಲ್ಟು, ಕೈಗವಸು ಎಣಿಸಿ ಕೊಡುತ್ತಿದ್ದೇನೆ. ನಾನು ಕೆಲಸ ಕಲಿಸಿದ ಕರಿಯಣ್ಣ ಮೇಲೆ ಕೂತಿದ್ದಾನೆ.

ಡಾಕ್ಟರು ಆರು ತಿಂಗಳು ಕೊಟ್ಟಿದ್ದಾರೆ. ಜನವರಿಯಲ್ಲಿ ಮತ್ತೆ ನೋಡುತ್ತಾರೆ. 140/90ರ ಒಳಗೆ ಬಂದರೆ ಕ್ರೇನು. ಬರದಿದ್ದರೆ ರಿಟೈರಾಗುವ ತನಕ ಬೋಲ್ಟು. ಅದಕ್ಕೋಸ್ಕರ ಮಾಡುತ್ತೇನೆ. ನಿನಗೋಸ್ಕರ ಅಲ್ಲ.

ಷಡಕ್ಷರಪ್ಪ


ಶಿವಮೊಗ್ಗ
10 ಆಗಸ್ಟ್ 1998

ಷಡಕ್ಷರಿ,

ಯಾರಿಗೋಸ್ಕರವಾದರೂ ಮಾಡು. ತಿಂಗಳಿಗೊಂದು ಸಲ ಲೆಕ್ಕ ಕಳಿಸಬೇಕು. ಎಷ್ಟು ಗಂಟೆಗೆ ಎದ್ದೆ, ಯಾವ ಆಸನ ಎಷ್ಟು ನಿಮಿಷ, ಏನು ತಿಂದೆ, ಏನು ಕುಡಿದೆ, ಬಿ.ಪಿ. ಎಷ್ಟು, ಎಲ್ಲ. ಮುಚ್ಚಿಟ್ಟು ಬರೆದರೆ ನನಗೆ ಗೊತ್ತಾಗುತ್ತದೆ. ಮೂವತ್ತೆರಡು ವರ್ಷ ಮಕ್ಕಳ ಉತ್ತರ ಪತ್ರಿಕೆ ನೋಡಿದವಳು.

ಅಕ್ಕ


ಭದ್ರಾವತಿ
14 ಸೆಪ್ಟೆಂಬರ್ 1998

ಅಕ್ಕನಿಗೆ,

ಮೇಡಂ ಅವರಿಗೆ ವರದಿ ಒಪ್ಪಿಸುತ್ತಿದ್ದೇನೆ.

ಬೆಳಿಗ್ಗೆ ಐದಕ್ಕೆ ಏಳುವುದು. ಪವನಮುಕ್ತಾಸನ ಆರು ನಿಮಿಷ, ವಜ್ರಾಸನ ಐದು, ನಾಡಿಶೋಧನ ಹತ್ತು. ಭ್ರಾಮರಿ ಮಾಡಿದರೆ ಪಕ್ಕದ ಮನೆಯವರು "ಏನ್ರೀ, ನಿಮ್ಮನೇಲಿ ಗ್ರೈಂಡರ್ ತಂದ್ರಾ?" ಎಂದು ಕೇಳುತ್ತಾರೆ. ಶವಾಸನ ಏಳು ನಿಮಿಷ. ಅದೇ ಎಲ್ಲಕ್ಕಿಂತ ಕಷ್ಟ ಮಾರಾಯ್ತಿ. ಉಸಿರು ನೋಡು ಅಂತೀಯ. ಉಸಿರು ನೋಡಲು ಹೋದರೆ ಕರಿಯಣ್ಣ ಕಾಣುತ್ತಾನೆ, ಹಲ್ಲು ಕಿರಿದುಕೊಂಡು ಕ್ರೇನಿನ ಗಂಟೆ ಹೊಡೆಯುತ್ತಾ.

ಆಮೇಲೆ ಸ್ನಾನ, ಲಿಂಗಪೂಜೆ. ಏಳಕ್ಕೆ ಎರಡು ರೊಟ್ಟಿ, ಡಾಕ್ಟರ ಮಾತ್ರೆ ಒಂದು. ಮಾತ್ರೆ ತಪ್ಪಿಸಿಲ್ಲ. ಮಹಾಂತಮ್ಮ ಡಾಕ್ಟರ ಮಾತು ಕೇಳಿ ಸಾರಿಗೆ, ಪಲ್ಯಕ್ಕೆ ಉಪ್ಪು ಹಾಕುವುದನ್ನೇ ನಿಲ್ಲಿಸಿದ್ದಾಳೆ. ದನ ಕೂಡ ಮೂಸುವುದಿಲ್ಲ, ಅಂಥ ಊಟ. ನಿನ್ನ ಮಿಡಿ ಉಪ್ಪಿನಕಾಯಿ ಇರುವುದಕ್ಕೆ ಎರಡೂ ಹೊತ್ತು ಅನ್ನ ಇಳಿಯುತ್ತಿದೆ. ಮಿಡಿ ಮುಗಿದ ಮೇಲೂ ಅದರ ರಸ ಕಲಸಿಕೊಂಡು ಉಣ್ಣುತ್ತೇನೆ.

ಎಂಟಕ್ಕೆ ಫೌಂಡ್ರಿ. ಗೇಟಿನಲ್ಲಿ ಫರ್ನೆಸ್ಸಿನವರಿಗೆಲ್ಲ ಉಪ್ಪಿನ ಗುಳಿಗೆ ಕೊಡುತ್ತಾರೆ, ಬೆವರಿನಲ್ಲಿ ಹೋದ ಉಪ್ಪು ಒಳಗೆ ಸೇರಲಿ ಎಂದು. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು, ಇಪ್ಪತ್ತಾರು ವರ್ಷದ ಅಭ್ಯಾಸ. ಈಗ ನಾನು ಸ್ಟೋರಿನವನು, ನನಗೆ ಕೊಡಬೇಕಾಗಿಲ್ಲ. ಆದರೂ ಕಾಂಪೌಂಡರು ನನ್ನ ಮುಖ ನೋಡಿ ಸುಮ್ಮನೆ ಕೈಗೆ ಹಾಕುತ್ತಾನೆ. ಸ್ಟೋರಿನ ಬೇರೆ ಯಾರಿಗೂ ಕೊಡುವುದಿಲ್ಲ.

ಬಿ.ಪಿ. 172/108. ಒಂದೂವರೆ ತಿಂಗಳ ಯೋಗಕ್ಕೆ ಸಿಕ್ಕಿದ್ದು ನಾಲ್ಕು.

ಷಡಕ್ಷರಪ್ಪ


ಶಿವಮೊಗ್ಗ
21 ಸೆಪ್ಟೆಂಬರ್ 1998

ಷಡಕ್ಷರಿ,

ನಿನ್ನ ವರದಿಯ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇಟ್ಟುಕೊಂಡು, ಅದರ ನಕಲು ತೆಗೆದು ಕಳಿಸಿದ್ದೇನೆ. ಶವಾಸನ ಏಳು ನಿಮಿಷ ಸಾಲದು, ಹದಿನೈದಾದರೂ ಬೇಕು. ನಾಡಿಶೋಧನದಲ್ಲಿ ಅವಸರ ಮಾಡುತ್ತಿದ್ದೀಯ, ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ವಜ್ರಾಸನದಲ್ಲಿ ಬೆನ್ನು ನೆಟ್ಟಗಿರಲಿ. ಕರಿಯಣ್ಣ ಕಂಡರೆ ಕಾಣಲಿ, ಅವನನ್ನು ನೋಡಿ ಸುಮ್ಮನಾಗು. ಅವನೇ ಇಳಿದು ಹೋಗುತ್ತಾನೆ.

ಮಿಡಿ ಮುಗಿದಿದೆ ಎಂದು ಓದಿ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ. ಇಷ್ಟು ವರ್ಷ ಭರಣಿ ಖಾಲಿಯಾಗಿ ಬರುತ್ತಿತ್ತು, ತಿಂದೆಯೋ ತಿಪ್ಪೆಗೆ ಸುರಿದೆಯೋ ಎಂದು ಕೇಳುವ ಹಾಗಿರಲಿಲ್ಲ. ಇನ್ನೊಂದು ಭರಣಿ ನಿಮ್ಮ ಬೀದಿಯ ಬಸ್ ಕಂಡಕ್ಟರ ಕೈಲಿ ಕೊಟ್ಟಿದ್ದೇನೆ. ಹೊಟ್ಟೆ ತುಂಬ ಊಟ ಮಾಡು.

ಅಕ್ಕ


ಭದ್ರಾವತಿ
30 ನವೆಂಬರ್ 1998

ಅಕ್ಕನಿಗೆ,

174/108.

ಹದಿನೈದು ನಿಮಿಷ ಹೆಣದ ಹಾಗೆ ಮಲಗಿದೆ. ಬೆನ್ನು ನೆಟ್ಟಗೆ ಮಾಡಿದೆ. ದೀಪಾವಳಿ ದಿನವೂ ಬಿಡಲಿಲ್ಲ. ಕುಂಸಿಗೆ ಮದುವೆಗೆ ಹೋದಾಗ ಛತ್ರದಲ್ಲಿ ಜನ ಕಾಫಿ ಕುಡಿಯುತ್ತಿದ್ದರೆ ನಾನು ಮೂಲೆಯಲ್ಲಿ ಮೂಗು ಹಿಡಿದುಕೊಂಡು ಕೂತಿದ್ದೆ. ಬೀಗರೆಲ್ಲ ನಕ್ಕರು. ನಾಲ್ಕು ತಿಂಗಳು! ಏರಿದೆಯೇ ಹೊರತು ಇಳಿದಿಲ್ಲ. ಡಾಕ್ಟರು ಮಾತ್ರೆ ಎರಡಕ್ಕೆ ಏರಿಸಿದ್ದಾರೆ. "ಉಪ್ಪು ಕಡಿಮೆ ಮಾಡಿದೀರಾ?" ಅಂದರು. "ಮನೇಲಿ ಉಪ್ಪಿನ ಡಬ್ಬೀನೇ ಮುಚ್ಚಿಟ್ಟಿದಾರೆ ಸಾರ್" ಅಂದೆ. ಅವರಿಗೂ ಏನೂ ತೋಚುತ್ತಿಲ್ಲ.

ನಿನ್ನ ಕೆಂಪು ಶಾಯಿ ಇದ್ದರೆ ಇನ್ನಷ್ಟು ಖರ್ಚು ಮಾಡು.

ಷಡಕ್ಷರಪ್ಪ


ಶಿವಮೊಗ್ಗ
6 ಡಿಸೆಂಬರ್ 1998

ಷಡಕ್ಷರಿ,

ನೀನು ಮಾಡುತ್ತಿಲ್ಲ. ಮಾಡಿದರೆ ಇಳಿಯಲೇಬೇಕು. ನನ್ನ ತರಗತಿಯಲ್ಲಿ ಎಂಟು ಜನರಿಗೆ ಇಳಿದಿದೆ. ನಿನಗೊಬ್ಬನಿಗೆ ಯಾಕೆ ಇಳಿಯುವುದಿಲ್ಲ? ಏಳನೇ ಕ್ಲಾಸಿನಲ್ಲಿ ಓದದೆ "ಓದಿದೆ ಅಕ್ಕ" ಎನ್ನುತ್ತಿದ್ದೆಯಲ್ಲ, ಆ ಗುಣ ಹೋಗಿಲ್ಲ. ಕುಣಿಯಲಾರದವನು ನೆಲ ಡೊಂಕು ಅಂದ ಹಾಗಾಯಿತು. ನನ್ನನ್ನು ಸುಳ್ಳಿ ಮಾಡಬೇಕೆಂದೇ ನೀನು ಹೀಗೆ ಮಾಡುತ್ತಿದ್ದೀಯ ಎಂದು ಒಂದೊಂದು ಸಲ ಅನಿಸುತ್ತದೆ.

ಅಕ್ಕ


ಭದ್ರಾವತಿ
20 ಡಿಸೆಂಬರ್ 1998

ಅಕ್ಕನವರಿಗೆ ಮಹಾಂತಮ್ಮನ ಶರಣು.

ನನಗೆ ನಿಮ್ಮಷ್ಟು ಚೆನ್ನಾಗಿ ಬರೆಯಲು ಬರುವುದಿಲ್ಲ. ಆದರೂ ಇದನ್ನು ಹೇಳಲೇಬೇಕು. ನಿಮ್ಮ ತಮ್ಮ ಒಂದು ದಿನವೂ ತಪ್ಪಿಸಿಲ್ಲ. ನಾನು ಕಣ್ಣಾರೆ ನೋಡಿದವಳು. ಮಂಡಿ ಊದಿದ್ದರೂ ವಜ್ರಾಸನದಲ್ಲಿ ಹಲ್ಲು ಕಚ್ಚಿ ಕೂರುತ್ತಾರೆ. ನಿಮ್ಮ ಕಾಗದ ಓದಿದ ದಿನ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಐದಕ್ಕೆ ಮಾತ್ರ ಎದ್ದು ಚಾಪೆ ಹಾಸಿದರು. ಬಿಡ್ರೀ ಅದನ್ನ ಅಂದೆ. "ಬಿಟ್ರೆ ಅಕ್ಕ ಹೇಳಿದ್ದೇ ಸರಿ ಆಗುತ್ತೆ" ಅಂದರು.

ಮಾವನವರ ವಿಷಯಕ್ಕೆ ನೀವಿಬ್ಬರೂ ಒಬ್ಬರನ್ನೊಬ್ಬರು ತಿನ್ನುವುದು ಸಾಕು ಅಕ್ಕ. ನನ್ನ ಗಂಡ ಸುಳ್ಳುಗಾರ ಅಲ್ಲ.

ಇಂತಿ,
ಮಹಾಂತಮ್ಮ


ಭದ್ರಾವತಿ
24 ಜನವರಿ 1999

ಅಕ್ಕನಿಗೆ,

ನಿನ್ನೆ ಮೆಡಿಕಲ್ ಆಯಿತು. 170/106. ಕರಿಯಣ್ಣನನ್ನು ಕ್ರೇನಿಗೆ ಖಾಯಂ ಮಾಡಿದರು. ಸಂಜೆ ಅವನು ಸ್ಟೋರಿಗೆ ಬಂದು ನನ್ನ ಕಾಲು ಮುಟ್ಟಿದ. "ಅಣ್ಣಾ, ನಾನ್ ಕೇಳ್ಕೊಂಡಿದ್ದಲ್ಲ ಅಣ್ಣಾ" ಅಂದ. ಅವನ ಮೇಲೆ ಸಿಟ್ಟು ಮಾಡಲಿಕ್ಕೂ ಆಗಲಿಲ್ಲ. ಎರಡು ಕೈಗವಸು ಕೊಟ್ಟು ಸಹಿ ಹಾಕಿಸಿಕೊಂಡು ಕಳಿಸಿದೆ.

ನಾನು ಮಾಡಿದ್ದು ನೂರ ಎಪ್ಪತ್ತು ದಿನ. ನೀನು ನಂಬಲಿಲ್ಲ. ಅಪ್ಪ ಮಾತ್ರೆ ಬಿಟ್ಟಿದ್ದು ಒಂದೇ ಮನೆಯಲ್ಲಿದ್ದೂ ನಿನಗೆ ಕಾಣಲಿಲ್ಲ. ನಾನು ಮಾಡಿದ್ದು ಹನ್ನೆರಡು ಮೈಲಿಯಿಂದ ಹೇಗೆ ಕಂಡೀತು? ಭರಣಿ ವಾಪಸ್ ಕಳಿಸಿದ್ದೇನೆ. ಈ ಸಲ ಖಾಲಿ ಇಲ್ಲ, ಅರ್ಧ ಉಳಿದಿದೆ. ಇನ್ನು ಕಳಿಸಬೇಡ. ಬರೆಯಲೂ ಬೇಡ.

ಷಡಕ್ಷರಪ್ಪ


ಶಿವಮೊಗ್ಗ
11 ಮಾರ್ಚ್ 1999

ಷಡಕ್ಷರಿ,

ಬರೆಯಬೇಡ ಅಂದಿದ್ದೀಯ. ಇದೊಂದನ್ನು ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ನಿನ್ನೆ ತರಗತಿಯಲ್ಲಿ ಕಾಳಮ್ಮ ಎಂಬವಳನ್ನು ಎಲ್ಲರ ಮುಂದೆ ನಿಲ್ಲಿಸಿ, "ನೋಡಿ, ಈಕೆಗೆ ಬಿ.ಪಿ. ಹೇಗೆ ಇಳಿದಿದೆ, ಯೋಗದ ಮಹಿಮೆ" ಎಂದು ದೊಡ್ಡದಾಗಿ ಹೇಳಿದೆ. ಅವಳು ತಲೆ ಕೆರೆದುಕೊಂಡು, "ಯೋಗಾನೂ ಮಾಡ್ದೆ ಮೇಡಂ, ಇಲ್ಲಾ ಅನ್ನಲ್ಲ. ಆದ್ರೆ ಹಪ್ಪಳ, ಉಪ್ಪಿನ್‌ಕಾಯಿ ಬಿಟ್ ಮೇಲೇ ಅದು ಇಳಿದಿದ್ದು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಅರ್ಧಕ್ಕೆ ನಿಂತುಬಿಟ್ಟೆ.

ಬಂದವಳೇ ನಿನ್ನ ಸೆಪ್ಟೆಂಬರಿನ ಕಾಗದ ತೆಗೆದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೇವೆ ಕಣೋ. ಎಲ್ಲ ಬರೆದಿದ್ದೀಯ. ಒಂದನ್ನೂ ಮುಚ್ಚಿಟ್ಟಿಲ್ಲ. ದಿನಕ್ಕೆ ನಾಲ್ಕು ಉಪ್ಪಿನ ಗುಳಿಗೆ, ಫ್ಯಾನಿನ ಕೆಳಗೆ ಕೂತವನಿಗೆ! ಅದರ ಮೇಲೆ ಎರಡು ಹೊತ್ತೂ ನನ್ನ ಮಿಡಿ. ಬೆಳಿಗ್ಗೆ ಯೋಗ ಮಾಡಿ ಇಳಿಸಿದ್ದನ್ನು ನೀನು ಗೇಟಿನಲ್ಲಿ ಏರಿಸಿಕೊಂಡೆ. ಉಳಿದದ್ದನ್ನು ನಾನು ಭರಣಿಯಲ್ಲಿ ಕಟ್ಟಿ ಕಳಿಸಿದೆ. ನಾನು ಹಾಕಿದ ಕೆಂಪು ಗುರುತುಗಳನ್ನು ಎಣಿಸಿದೆ, ಹನ್ನೊಂದು ಇವೆ. ಶವಾಸನದ ಕೆಳಗೆ ಎರಡು ಗೆರೆ. ಗುಳಿಗೆಯ ಸಾಲಿನ ಕೆಳಗೆ ಏನೂ ಇಲ್ಲ.

ನಲವತ್ತು ಜನರಿಗೆ ದಿನಾ "ಉಪ್ಪು ಕಡಿಮೆ ಮಾಡಿ" ಎಂದು ಹೇಳುವವಳು ನಾನು. ನಿನಗೆ ಯಾಕೆ ಹೇಳಲಿಲ್ಲ? ರಾತ್ರಿಯೆಲ್ಲ ಯೋಚಿಸಿದೆ. ನನ್ನ ಮಿಡಿಯಿಂದ ನಿನಗೆ ಅನ್ನ ಇಳಿಯುತ್ತದೆ ಎಂದು ಓದಿದ ಮೇಲೆ ನನಗೆ ಮುಂದಿನದು ಏನೂ ಕಾಣಲಿಲ್ಲ. ಅಷ್ಟೇ ಕಾರಣ. ಹತ್ತು ವರ್ಷವಾದ ಮೇಲೆ ತಮ್ಮ ನನ್ನ ಕೈರುಚಿಯ ವಿಷಯ ಬರೆದಿದ್ದಾನೆ, ಅದಕ್ಕೆ ತಪ್ಪು ಹಾಕಲು ನನ್ನ ಕೈ ಹೇಗೆ ಏಳಬೇಕು?

ಅಪ್ಪನಿಗೂ ಹೀಗೇ ಆಯಿತು. ಮಾತ್ರೆ ಬಿಡಿ ಎಂದು ನಾನು ಹೇಳಲಿಲ್ಲ ಷಡಕ್ಷರಿ, ಬಸವಣ್ಣನಾಣೆ. ಅವರೇ ಬಿಟ್ಟರು. ಆದರೆ ನಾನು ಕೇಳಲೂ ಇಲ್ಲ. ದಿನಾ ಬೆಳಿಗ್ಗೆ ಅವರ ಬೆನ್ನು ನೆಟ್ಟಗಿದೆಯಾ ನೋಡಿದೆ, ಉಸಿರು ಎಣಿಸಿದೆ. "ಅಪ್ಪಾ, ಮಾತ್ರೆ ತಗೊಂಡ್ರಾ?" ಎಂಬ ಒಂದು ಮಾತು ಕೇಳಲಿಲ್ಲ. ಗರಡಿ ಹುಡುಗನ ಹಾಗಿದ್ದೀನಿ ಎಂದು ಅವರು ನನಗೂ ಹೇಳಿದರು. ನಾನು ಬೀಗಿದೆ. ಅಪ್ಪ ತೀರಿಕೊಂಡ ಮೂರನೆಯ ದಿನ ನೀನು ಎಲ್ಲರೆದುರು "ನಿನ್ನ ಯೋಗಾನೇ ಅಪ್ಪನ್ನ ತಿಂತು" ಅಂದೆಯಲ್ಲ, ಅವತ್ತಿನಿಂದ ನಿನಗೆ ಕಾಗದ ಬರೆಯುವುದನ್ನೇ ಬಿಟ್ಟೆ.

ನಿನ್ನ ಕ್ರೇನನ್ನು ನಾನು ಕಳೆದೆ. ನಿನ್ನನ್ನು ಸುಳ್ಳುಗಾರ ಅಂದೆ. ತಪ್ಪಾಯಿತು ಎಂದರೆ ಅದು ತೀರಾ ಚಿಕ್ಕ ಮಾತಾಯಿತು. ಆದರೂ ತಪ್ಪಾಯಿತು.

ಗುಳಿಗೆ ಇವತ್ತೇ ಬಿಡು. ಡಾಕ್ಟರಿಗೆ ಹೇಳು.

ಅಕ್ಕ


ಭದ್ರಾವತಿ
9 ಮೇ 1999

ಅಕ್ಕನಿಗೆ,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಕಾಗದ ಓದಿ ಮೊದಲು ಗೋಡೆಗೆ ಗುದ್ದಿದೆ. ಕೈ ಊದಿತು, ಗೋಡೆ ಚೆನ್ನಾಗಿದೆ.

ಗುಳಿಗೆ ಬಿಟ್ಟೆ. ಕಾಂಪೌಂಡರು ಮರುದಿನವೂ ಕೈಗೆ ಹಾಕಲು ಬಂದ, ಬೇಡ ಅಂದೆ. ಆ ಒಂದು ಮಾತು ಹೇಳುವುದು ಕ್ರೇನಿನಿಂದ ಇಳಿದದ್ದಕ್ಕಿಂತ ಕಷ್ಟವಾಯಿತು. ಡಾಕ್ಟರು ಉಪ್ಪು ಎಂದು ಕೇಳಿದಾಗ ನಾನು ಸುಳ್ಳು ಹೇಳಿರಲಿಲ್ಲ ಅಕ್ಕ. ಆ ಗುಳಿಗೆಯನ್ನು ನಾನು ಉಪ್ಪು ಎಂದು ತಿಳಿದೇ ಇರಲಿಲ್ಲ. ಅದು ಡ್ಯೂಟಿ. ಅದನ್ನು ನುಂಗುವ ತನಕ ನಾನು ಫರ್ನೆಸ್ಸಿನವನು. ಬಿಟ್ಟರೆ ಬೋಲ್ಟಿನವನು. ತಪ್ಪು ನಿನ್ನೊಬ್ಬಳದೇ ಎಂದು ಹೇಳಿ ಆರಾಮಾಗಿ ಇರಬಹುದಿತ್ತು. ಆಗುತ್ತಿಲ್ಲ.

ಯೋಗ ಬಿಟ್ಟಿಲ್ಲ. ನಿನ್ನೆ ನೋಡಿಸಿದೆ. 136/86. ಡಾಕ್ಟರು ಎರಡು ಸಲ ಪಟ್ಟಿ ಸುತ್ತಿ ನೋಡಿದರು. "ಏನ್ ಮಾಡಿದ್ರಿ ಷಡಕ್ಷರಪ್ಪ?" ಅಂದರು. "ಉಪ್ಪು ತಿಂದವನು ನೀರು ಕುಡಿದೆ ಸಾರ್" ಅಂದೆ. ಕ್ರೇನ್ ಕೇಳಿದೆ. ಖಾಯಂ ಆಗಿಹೋಗಿದೆ, ಇನ್ನು ಆಗುವುದಿಲ್ಲ ಅಂದರು. ನಾಲ್ಕು ತಿಂಗಳು ಮೊದಲು ಈ ನಂಬರು ಬಂದಿದ್ದರೆ! ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗುವುದಿಲ್ಲ. ಶವಾಸನದಲ್ಲಿ ಈಗಲೂ ಕ್ರೇನಿನ ಗಂಟೆ ಕೇಳುತ್ತದೆ. ಕರಿಯಣ್ಣ ಚೆನ್ನಾಗಿಯೇ ಹೊಡೆಯುತ್ತಾನೆ, ನಾನು ಕಲಿಸಿದ್ದು.

ಒಂದು ಮಾತು. ನೀನು ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಲಿಲ್ಲ. ಸರಿ. ನಿನ್ನನ್ನು ಯಾರು ಕೇಳುತ್ತಾರೆ? ಅಪ್ಪನಿಗೆ ಇತ್ತು, ನನಗೆ ಇದೆ. ನೀನು ಅದೇ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಕೂತವಳು. ನಿನ್ನ ಬಿ.ಪಿ. ಎಷ್ಟು?

ಷಡಕ್ಷರಿ


ಶಿವಮೊಗ್ಗ
15 ಮೇ 1999

ಷಡಕ್ಷರಿ,

136/86 ಓದಿ ದೇವರ ಮುಂದೆ ಎರಡು ದೀಪ ಹಚ್ಚಿದೆ. ಕ್ರೇನಿನದು ಓದಿ ಅತ್ತೆ.

ನನಗೆಂಥದು ಬಿ.ಪಿ.? ಮೂವತ್ತು ವರ್ಷದಿಂದ ಯೋಗ ಮಾಡುತ್ತಿದ್ದೇನೆ. ನನಗೆ ಏನೂ ಇಲ್ಲ, ಚೆನ್ನಾಗಿದ್ದೇನೆ.

ಅಕ್ಕ


ಭದ್ರಾವತಿ
18 ಮೇ 1999

ಅಕ್ಕಾ,

"ನನಗೆ ಏನೂ ಇಲ್ಲ, ಚೆನ್ನಾಗಿದ್ದೇನೆ." ನಿನ್ನ ಕಾರ್ಡಿನ ಈ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ವಾಪಸ್ ಕಳಿಸುತ್ತಿದ್ದೇನೆ. ಇದನ್ನು ಅಪ್ಪನ ಬಾಯಲ್ಲೂ ಕೇಳಿದ್ದೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಂಬರು ಬರಿ.

ಷಡಕ್ಷರಿ


ಶಿವಮೊಗ್ಗ
26 ಮೇ 1999

ತಮ್ಮಾ,

ಮೂರು ದಿನ ಆಸ್ಪತ್ರೆಯ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಾಲ್ಕನೆಯ ದಿನ ಒಳಗೆ ಹೋದೆ.

168/102.

ತರಗತಿಯಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ ಹೇಳಿಲ್ಲ. ಭಯವಾಗುತ್ತಿದೆ ಕಣೋ.

ಅಕ್ಕ


ಭದ್ರಾವತಿ
28 ಮೇ 1999

ಅಕ್ಕಾ,

ಭಾನುವಾರ ಮೊದಲನೇ ಬಸ್ಸಿಗೆ ಬರುತ್ತೇನೆ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಅಲ್ಲಿಯ ತನಕ ಯೋಗ ಬಿಡಬೇಡ, ಈ ವರ್ಷದ ಮಿಡಿಗೆ ಕೈ ಹಾಕಬೇಡ. ರೊಟ್ಟಿ ಮಾಡಿಡು, ಉಪ್ಪಿಲ್ಲದೆ ಉಂಡು ನನಗೆ ಅಭ್ಯಾಸವಾಗಿದೆ.

ಮಾಚೇನಹಳ್ಳಿ ದಾಟಿದ ಮೇಲೆ ಊರು ಬಹಳ ಬದಲಾಗಿದೆ ಅಂತಾರೆ. ನಿಮ್ಮ ಮನೆಗೆ ಯಾವ ಸ್ಟಾಪಿನಲ್ಲಿ ಇಳಿಯಬೇಕು, ಬರಿ.

ಷಡಕ್ಷರಿ